ಮೊಹರು ಅಸಲಿ, ಪತ್ರ ನಕಲಿ: ಮಹಮೂದ್ ಗವಾನ್ ಜೀವ ತೆಗೆದ ಸುಳ್ಳು ನಮ್ಮ ಫೋನಿಗೆ ಹೇಳುವ ಪಾಠ

ಸುಳ್ಳು ಸಂದೇಶದಿಂದ ಮನುಷ್ಯನ ಪ್ರಾಣ ಹೋಗುತ್ತದೆಯೇ? ಔರಾದ ಕಡೆಯವರನ್ನು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ. 2018ರ ಜುಲೈ 13ರಂದು ಹೈದರಾಬಾದ್‌ನಿಂದ ಕೆಲವು ಗೆಳೆಯರು ಕಾರಿನಲ್ಲಿ ಔರಾದ ತಾಲ್ಲೂಕಿಗೆ ಬಂದಿದ್ದರು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಎದ್ದಿತು. ಕಾರು ಹೊರಟಿತು, ಆದರೆ ವಾಟ್ಸ್‌ಆಪ್ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಸೇರಿದ್ದ ಗುಂಪಿನ ಹೊಡೆತಕ್ಕೆ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಬಲಿಯಾದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಇದು ಮೊಬೈಲ್ ಕಾಲದ ರೋಗ, ಹಿಂದೆ ಹೀಗೆಲ್ಲ ಇರಲಿಲ್ಲ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಅದು ನಿಜವಲ್ಲ. ಇದೇ ಬೀದರ್ ರಾಜಧಾನಿಯಾಗಿದ್ದ ಕಾಲದಲ್ಲಿ, ಐನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಒಂದು ನಕಲಿ ಪತ್ರ ಆ ರಾಜ್ಯದ ಅತ್ಯಂತ ಸಮರ್ಥ ಮಂತ್ರಿಯ ತಲೆ ತೆಗೆಯಿತು. ಆತನ ಹೆಸರು ಮಹಮೂದ್ ಗವಾನ್. ಆತನ ಬದುಕನ್ನು ಒಮ್ಮೆ ನೋಡೋಣ. ಡಿಜಿಟಲ್ ಸಹಿ, ಒಟಿಪಿ, ಸ್ಕ್ರೀನ್‌ಶಾಟ್ ಎಂದು ನಾವು ದಿನವೂ ಆಡುವ ಮಾತುಗಳ ಅರ್ಥ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ವ್ಯಾಪಾರಿಯಾಗಿ ಬಂದವರು

ಮಹಮೂದ್ ಗವಾನ್ ಹುಟ್ಟಿದ್ದು 1411ರ ಸುಮಾರಿಗೆ, ಇಂದಿನ ಇರಾನ್‌ನ ಉತ್ತರಕ್ಕೆ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಗಿಲಾನ್ ಪ್ರಾಂತ್ಯದಲ್ಲಿ. ಮನೆತನ ದೊಡ್ಡದು, ಅಲ್ಲಿನ ಆಸ್ಥಾನದಲ್ಲಿ ಅಧಿಕಾರ ಕಂಡದ್ದು. ಆದರೆ ಆಸ್ಥಾನದ ಒಳಜಗಳದಿಂದ ಬೇಸತ್ತು ಅವರು ಊರು ಬಿಟ್ಟು ವ್ಯಾಪಾರಕ್ಕೆ ಇಳಿದರು. 1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಕೊಂಕಣದ ದಾಭೋಲ್ ಬಂದರಿನಲ್ಲಿ ಇಳಿದು ಬೀದರ್‌ಗೆ ಬಂದರು.

ಆಗ ಬೀದರ್ ಬಹಮನಿ ಸುಲ್ತಾನರ ರಾಜಧಾನಿ. ಪರ್ಷಿಯಾ, ಅರಬ್ ನಾಡು, ಮಧ್ಯ ಏಷ್ಯಾದ ಜನ ಇಲ್ಲಿಗೆ ಬರುತ್ತಿದ್ದರು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ 1470ರ ಆಸುಪಾಸಿನಲ್ಲಿ ಬಂದು, ತಂದ ಕುದುರೆಯನ್ನು ಬೀದರ್‌ನಲ್ಲೇ ಮಾರಿದ. ಶ್ರೀಮಂತರ ವೈಭವವನ್ನೂ ಹಳ್ಳಿಗರ ಬಡತನವನ್ನೂ ನೋಡಿ ಬರೆದಿಟ್ಟ.

ಸುಲ್ತಾನ್ ಎರಡನೇ ಅಲಾವುದ್ದೀನ್ ಅಹಮದ್ ಈ ಹೊಸ ವ್ಯಾಪಾರಿಯ ಬುದ್ಧಿ ಮೆಚ್ಚಿ ಬೀದರ್‌ನಲ್ಲೇ ಉಳಿಸಿಕೊಂಡ. ಮುಂದಿನ ಸುಲ್ತಾನ್ ಹುಮಾಯೂನ್ 1458ರಲ್ಲಿ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಕೊಟ್ಟ. ವ್ಯಾಪಾರಿಗಳ ಒಡೆಯ ಎಂಬುದು ಅದರ ಅರ್ಥ. 1461ರಲ್ಲಿ ಹುಮಾಯೂನ್ ಸತ್ತಾಗ ಪಟ್ಟಕ್ಕೆ ಬಂದದ್ದು ಎಳೆಯ ಹುಡುಗ. ಎರಡೇ ವರ್ಷಕ್ಕೆ ಅವನೂ ತೀರಿಕೊಂಡು ತಮ್ಮ ಮೂರನೇ ಮುಹಮ್ಮದ್ ಸುಲ್ತಾನನಾದ. ಅವನಿಗೂ ಹತ್ತರ ಆಸುಪಾಸಿನ ವಯಸ್ಸು. ರಾಜಮಾತೆಯ ಜೊತೆ ರಾಜ್ಯದ ಭಾರ ಹೊತ್ತವರಲ್ಲಿ ಗವಾನ್ ಒಬ್ಬರು. 1466ರ ನಂತರ ಅವರೇ ಪ್ರಧಾನಿ. ಈ ಬಾಲಕ ಸುಲ್ತಾನ್ ಬೆಳೆದದ್ದೇ ಗವಾನ್ ಕಣ್ಣೆದುರು. ಇದನ್ನು ನೆನಪಿಡಿ.

ಪತ್ರಗಳೇ ಅಂದಿನ ನೆಟ್‌ವರ್ಕ್

ಗವಾನ್ ಸೈನ್ಯ ನಡೆಸಿದರು, ಕೊಂಕಣದ ಕೋಟೆಗಳನ್ನು ಗೆದ್ದರು, 1472ರಲ್ಲಿ ಗೋವಾ ವಶಪಡಿಸಿಕೊಂಡರು. ಮರುವರ್ಷದ ಬೆಳಗಾವಿ ಮುತ್ತಿಗೆಯಲ್ಲಿ ಕೋಟೆ ಗೋಡೆಯ ಕೆಳಗೆ ಮದ್ದು ಇಟ್ಟು ಸಿಡಿಸುವ ಹೊಸ ತಂತ್ರ ಬಳಸಿದರು. ಆದರೆ ಅವರ ದೊಡ್ಡ ಶಕ್ತಿ ಕತ್ತಿಯಲ್ಲಿ ಇರಲಿಲ್ಲ, ಪತ್ರದಲ್ಲಿತ್ತು.

ಅವರು ಬರೆದ ಪತ್ರಗಳು ಸಮುದ್ರ ದಾಟಿ ತುರ್ಕಿಯ ಸುಲ್ತಾನನನ್ನು, ಪರ್ಷಿಯಾದ ಕವಿ ಜಾಮಿಯನ್ನು ತಲುಪುತ್ತಿದ್ದವು. ಆ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಪತ್ರ ಬರೆಯುವ ಕಲೆಯ ಬಗ್ಗೆಯೇ ಅವರು ಇನ್ನೊಂದು ಪುಸ್ತಕ ಬರೆದರು.

ಬೀದರ್‌ಗೆ ಹೋದವರು ಚೌಬಾರಾದಿಂದ ಕೋಟೆ ಕಡೆಗಿನ ದಾರಿಯಲ್ಲಿ ಅವರ ಮದರಸಾ ನೋಡಿರುತ್ತೀರಿ. 1472ರ ಹೊತ್ತಿಗೆ ಕಟ್ಟಿದ ಮೂರು ಅಂತಸ್ತಿನ ವಿದ್ಯಾಲಯ ಅದು. ದೂರದ ನಾಡುಗಳ ವಿದ್ವಾಂಸರನ್ನು ಇಲ್ಲಿಗೆ ಕರೆಸಲು ಗವಾನ್ ಪತ್ರ ಬರೆಯುತ್ತಿದ್ದರು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳು ಇದ್ದವು ಎಂಬ ಮಾತಿದೆ. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ.

ವೈರಿಗಳು ಹುಟ್ಟಿದ್ದು ಹೇಗೆ

ಆಗ ಆಸ್ಥಾನದಲ್ಲಿ ಎರಡು ಗುಂಪು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ದಖನಿಗಳು ಒಂದು ಕಡೆ, ಹೊರನಾಡಿನಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನ್ ಹೊರಗಿನವರಾದರೂ ಎರಡೂ ಗುಂಪಿಗೆ ಅಧಿಕಾರ ಹಂಚಿ ಸಮತೋಲನ ಕಾಯಲು ನೋಡಿದರು.

ಅವರ ಸುಧಾರಣೆಗಳು ಮಾತ್ರ ದೊಡ್ಡವರ ಜೇಬಿಗೆ ಕೈ ಹಾಕಿದವು. ರಾಜ್ಯದ ನಾಲ್ಕು ಪ್ರಾಂತ್ಯಗಳನ್ನು ಒಡೆದು ಎಂಟು ಮಾಡಿದರು. ಪ್ರಾಂತ್ಯಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಬಿಟ್ಟು, ಉಳಿದ ಕೋಟೆಗಳನ್ನು ನೇರವಾಗಿ ಸುಲ್ತಾನನ ಹಿಡಿತಕ್ಕೆ ತಂದರು. ಜಮೀನು ಅಳತೆ ಮಾಡಿಸಿ ಕಂದಾಯ ಗೊತ್ತುಪಡಿಸಿದರು. ಪ್ರಾಂತ್ಯದಲ್ಲಿ ರಾಜನಂತೆ ಮೆರೆಯುತ್ತಿದ್ದವರು ಈಗ ಲೆಕ್ಕ ಕೊಡಬೇಕಾಯಿತು. ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್ ಮತ್ತು ಅವನ ಕಡೆಯವರು ಸಮಯ ಕಾಯತೊಡಗಿದರು.

ಖಾಲಿ ಹಾಳೆಯ ಮೇಲೆ ಬಿದ್ದ ಮೊಹರು

ಮುಂದಿನ ಕಥೆಯನ್ನು ಇತಿಹಾಸಕಾರ ಫಿರಿಸ್ತಾ ನೂರಕ್ಕೂ ಹೆಚ್ಚು ವರ್ಷಗಳ ನಂತರ ವಿವರವಾಗಿ ಬರೆದಿದ್ದಾನೆ. ಗವಾನ್ ಮೊಹರನ್ನು ಕಾಯುವವನೊಬ್ಬ ಗುಲಾಮನಿದ್ದ. ಸಂಚುಗಾರರು ಅವನ ಸ್ನೇಹ ಬೆಳೆಸಿ ಉಡುಗೊರೆ ಕೊಟ್ಟರು. ಅವನು ಕುಡಿದಿದ್ದ ಹೊತ್ತು ನೋಡಿ, ಯಾರದೋ ಸಣ್ಣ ಲೆಕ್ಕದ ಕಾಗದ ಎಂಬಂತೆ ಒಂದು ಹಾಳೆ ಮುಂದಿಟ್ಟು ಮೊಹರು ಒತ್ತಿಸಿಕೊಂಡರು. ಆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

ಬರಹ ಬಂದದ್ದು ಆಮೇಲೆ. ಒಡಿಶಾದ ಗಜಪತಿ ರಾಜನಿಗೆ ಗವಾನ್ ಬರೆದಂತೆ, ದಂಡೆತ್ತಿ ಬಂದರೆ ಇಬ್ಬರೂ ರಾಜ್ಯ ಹಂಚಿಕೊಳ್ಳೋಣ ಎಂಬ ಅರ್ಥದ ಪತ್ರ ತಯಾರಾಯಿತು. ಗವಾನ್ ಹತ್ತಿರ ಇಲ್ಲದ ಹೊತ್ತು ನೋಡಿ ಅದನ್ನು ಸುಲ್ತಾನನ ಕೈಗಿಟ್ಟರು. ಸುಲ್ತಾನ್ ಮುಹಮ್ಮದ್ ಆಗ ಕೊಂಡಪಲ್ಲಿಯ ಬಿಡಾರದಲ್ಲಿದ್ದ, ಅವನೂ ಕುಡಿದಿದ್ದ. ಕೂಡಲೇ ಗವಾನ್‌ಗೆ ಕರೆ ಹೋಯಿತು. ಹೋಗಬೇಡಿ, ಏನೋ ಸಂಚು ನಡೆದಿದೆ ಎಂದು ಆಪ್ತರು ತಡೆದರು. ತಪ್ಪು ಮಾಡದವನು ಯಾಕೆ ಹೆದರಬೇಕು ಎಂದುಕೊಂಡ ಮುದುಕ ಮಂತ್ರಿ ಹೋದರು.

ಸುಲ್ತಾನ್ ಪತ್ರ ತೋರಿಸಿದ. ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದು ಗವಾನ್ ನಿಜವನ್ನೇ ಹೇಳಿದರು. ಅರ್ಧ ನಿಜವನ್ನು ಮಾತ್ರ ಸುಲ್ತಾನ್ ಕೇಳಿಸಿಕೊಂಡ. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಗವಾನ್ ಅವರ ತಲೆ ಅಲ್ಲೇ ಉರುಳಿತು.

ತಲೆ ತೆಗೆಸಿದ ಮೇಲೆ ಸುಲ್ತಾನ್ ಅವರ ಹಣಕಾಸು ತಪಾಸಣೆಗೆ ಹೊರಟ. ಗವಾನ್ ಎರಡು ಲೆಕ್ಕ ಇಟ್ಟಿದ್ದರು: ಒಂದು ಸೈನ್ಯ ಮತ್ತು ಸರಕಾರದ್ದು, ಇನ್ನೊಂದು ಸ್ವಂತದ್ದು. ಬರುವಾಗ ತಂದ ವ್ಯಾಪಾರದ ಬಂಡವಾಳದ ಲಾಭದಲ್ಲೇ ಮನೆ ನಡೆಸಿ, ಮಿಕ್ಕದ್ದನ್ನು ಬಡವರಿಗೆ ಕೊಡುತ್ತಿದ್ದರು. ಸ್ವಂತ ಪೆಟ್ಟಿಗೆಯಲ್ಲಿ ಸಿಕ್ಕದ್ದು ಕೇವಲ 300 ಲಾರಿ ನಾಣ್ಯ ಎನ್ನುತ್ತಾನೆ ಫಿರಿಸ್ತಾ. ಸುಲ್ತಾನನಿಗೆ ತಾನು ಮಾಡಿದ್ದು ಅರಿವಾಯಿತು. ಆ ಕೊರಗಿನಲ್ಲೇ 1482ರಲ್ಲಿ, ವರ್ಷ ತುಂಬುವ ಮೊದಲೇ ಸತ್ತ. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಒಡೆದು ಐದು ತುಂಡಾಯಿತು. ಗವಾನ್ ಸಮಾಧಿ ಬೀದರ್ ಹೊರವಲಯದ ಗೋರನಳ್ಳಿ ಬಳಿ ಇದೆ.

ಡಿಜಿಟಲ್ ಸಹಿ ಇದ್ದಿದ್ದರೆ?

ಈಗ ತಂತ್ರಜ್ಞಾನದ ಮಾತಿಗೆ ಬರೋಣ. ಗವಾನ್ ಮೊಹರಿನ ದೋಷ ಏನು? ಅದು ಹಾಳೆಗೆ ಅಂಟಿಕೊಂಡಿತ್ತು, ಹಾಳೆಯ ಮೇಲಿನ ಮಾತಿಗೆ ಅಲ್ಲ. ಖಾಲಿ ಹಾಳೆಗೆ ಒತ್ತಿದರೂ ಅದೇ ಗುರುತು.

1976-77ರ ಹೊತ್ತಿಗೆ ಅಮೆರಿಕದ ಗಣಿತಜ್ಞರು ಮತ್ತು ಕಂಪ್ಯೂಟರ್ ವಿಜ್ಞಾನಿಗಳು ಇದಕ್ಕೆ ದಾರಿ ಕಂಡುಹಿಡಿದರು. ಡಿಜಿಟಲ್ ಸಹಿ ಕೆಲಸ ಮಾಡುವುದು ಹೀಗೆ: ಮೊದಲು ಇಡೀ ದಾಖಲೆಯಿಂದ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆಯುತ್ತಾರೆ. ಬರೆದವರು ತಮ್ಮ ಬಳಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಆ ಸಂಖ್ಯೆಗೆ ಸಹಿ ಹಾಕುತ್ತಾರೆ. ಆ ಕೀಲಿಗೆ ಜೋಡಿಯಾದ, ಎಲ್ಲರಿಗೂ ಸಿಗುವ ಇನ್ನೊಂದು ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ದಾಖಲೆಯ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಖಾಲಿ ಹಾಳೆಗೆ ಹಾಕಿದ ಸಹಿ ಆ ಖಾಲಿ ಹಾಳೆಗೆ ಮಾತ್ರ. ಭಾರತದಲ್ಲಿ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ. ನೀವು ಡೌನ್‌ಲೋಡ್ ಮಾಡುವ ಇ-ಆಧಾರ್ ಪಿಡಿಎಫ್‌ನಲ್ಲಿ ಇಂಥದ್ದೇ ಸಹಿ ಇರುತ್ತದೆ.

ಈಗ ಫೋಟೊ, ವಿಡಿಯೊಗಳಿಗೂ ಇದೇ ಉಪಾಯ ಬರುತ್ತಿದೆ. ಎಲ್ಲಿ ತೆಗೆದದ್ದು, ಆಮೇಲೆ ಏನು ತಿದ್ದಿದ್ದಾರೆ ಎಂಬ ವಿವರವನ್ನು ಸಹಿಯ ಸಮೇತ ಚಿತ್ರದೊಳಗೇ ಇಡುವ ಪದ್ಧತಿಗಾಗಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದ ಸಂಸ್ಥೆಗಳು 2021ರಲ್ಲಿ ಒಟ್ಟಾದವು. ಎಐ ಬಳಸಿ ಯಾರ ಮುಖ, ಯಾರ ದನಿ ಬೇಕಾದರೂ ಮಾಡಬಹುದಾದ ಈ ಕಾಲದಲ್ಲಿ ಇದರ ಅಗತ್ಯ ದೊಡ್ಡದು.

ಹಾಗಾದರೆ ಇನ್ನು ಭಯವಿಲ್ಲವೇ?

ಇದೆ. ತಂತ್ರಜ್ಞಾನ ಮುಚ್ಚಲಾಗದ ಮೂರು ಕಿಂಡಿಗಳು ಗವಾನ್ ಕಥೆಯಲ್ಲೇ ಕಾಣುತ್ತವೆ.

1. ಮೊಹರು ಕಾಯುವವನು. ಕೀಲಿ ಎಷ್ಟೇ ಗಟ್ಟಿ ಇರಲಿ, ಅದನ್ನು ಹಿಡಿದ ಮನುಷ್ಯ ಮೋಸ ಹೋದರೆ ಮುಗಿಯಿತು. ಇಂದು ನಿಮ್ಮ ಮೊಹರು ಎಂದರೆ ಒಟಿಪಿ ಮತ್ತು ಯುಪಿಐ ಪಿನ್. ಮೊಹರು ಕಾಯುವವರು ನೀವೇ. ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಕಳಿಸಲು ಮಾತ್ರ ಹಾಕಬೇಕು. ಇಷ್ಟು ನೆನಪಿಟ್ಟರೆ ಅರ್ಧ ಮೋಸ ತಪ್ಪುತ್ತದೆ.

2. ಮೊಹರಿನ ಚಿತ್ರ. ಸಹಿ ಇರುವ ಪಿಡಿಎಫ್‌ನ ಸ್ಕ್ರೀನ್‌ಶಾಟ್ ತೆಗೆದರೆ ಅದರಲ್ಲಿ ಸಹಿ ಉಳಿಯುವುದಿಲ್ಲ, ಬರೀ ಚಿತ್ರ ಉಳಿಯುತ್ತದೆ. ಸರಕಾರಿ ಲಾಂಛನ, ಸುತ್ತೋಲೆ, ಟಿವಿ ಚಾನೆಲ್‌ನ ಲೋಗೊ ಯಾವುದನ್ನು ಬೇಕಾದರೂ ಚಿತ್ರವಾಗಿ ಅಂಟಿಸಬಹುದು. ಔರಾದ, ಭಾಲ್ಕಿ ಪೇಟೆಯ ಅಂಗಡಿಯವರಿಗೂ ಇದೇ ಮಾತು. ಗಿರಾಕಿ ತೋರಿಸುವ ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಸೌಂಡ್ ಬಾಕ್ಸ್ ಹೇಳಲಿ, ಇಲ್ಲವೇ ನಿಮ್ಮ ಖಾತೆಯಲ್ಲಿ ಕಾಣಲಿ.

3. ಕೇಳದ ಸುಲ್ತಾನ್. ಇದು ಎಲ್ಲಕ್ಕಿಂತ ದೊಡ್ಡ ಕಿಂಡಿ. ಆರೋಪಿ ಎದುರಿಗೇ ನಿಂತಿದ್ದ, ಮೊಹರು ಕಾಯುವವನನ್ನು ಕರೆಸಿ ಕೇಳಬಹುದಿತ್ತು. ಪತ್ರ ತಂದುಕೊಟ್ಟವರು ಗವಾನ್ ವೈರಿಗಳು ಎಂಬುದು ಗುಟ್ಟಾಗಿರಲಿಲ್ಲ. ಸುಲ್ತಾನನಿಗೆ ಬೇಕಾದದ್ದು ಒಂದು ರಾತ್ರಿಯ ತಾಳ್ಮೆ. ಮುರ್ಕಿಯಲ್ಲೂ ಅಷ್ಟೇ. ಕಾರಿನಲ್ಲಿದ್ದವರು ಎದುರಿಗೇ ಇದ್ದರು, ಪೊಲೀಸರೂ ಬಂದಿದ್ದರು. ಕಣ್ಣೆದುರಿನ ಮನುಷ್ಯನಿಗಿಂತ ಕೈಯಲ್ಲಿದ್ದ ಸಂದೇಶವನ್ನೇ ಜನ ನಂಬಿದರು.

ಅದೇ 2018ರ ಜುಲೈನಲ್ಲಿ, ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ, ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸುವಂತೆ ಮಿತಿ ಹಾಕಿತು. ಬಹಳ ಸಲ ಫಾರ್ವರ್ಡ್ ಆದ ಸಂದೇಶದ ಮೇಲೆ ಈಗ ಜೋಡಿ ಬಾಣದ ಗುರುತು ಬರುತ್ತದೆ. ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸೋಣ. ವಾಟ್ಸ್‌ಆಪ್ ಸಂದೇಶ ಗೂಢಲಿಪಿಯಲ್ಲಿ ಸುರಕ್ಷಿತ ಎಂದರೆ, ನಡುದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅರ್ಥ. ಒಳಗಿರುವುದು ನಿಜ ಎಂದು ಅರ್ಥವಲ್ಲ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಕೇಳಿಕೊಳ್ಳಿ: ಇದನ್ನು ಮೊದಲು ಬರೆದವರು ಯಾರು? ಯಾರ ಮೇಲೆ ಆರೋಪವಿದೆಯೋ ಅವರ ಮಾತು ಎಲ್ಲಿದೆ? ಇದು ಸುಳ್ಳಾದರೆ ಯಾರ ಮನೆ ಹಾಳಾಗುತ್ತದೆ? ಅಪರಿಚಿತರ ಬಗ್ಗೆ ಅನುಮಾನ ಬಂದರೆ ಗ್ರೂಪಿಗೆ ಹಾಕಬೇಡಿ, 112ಕ್ಕೆ ಕರೆ ಮಾಡಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ತಿಳಿಸಿ.

ಮುಂದಿನ ಸಲ ಬೀದರ್‌ಗೆ ಹೋದಾಗ ಆ ಮದರಸಾದ ಮುಂದೆ ಐದು ನಿಮಿಷ ನಿಲ್ಲಿ. ಅದನ್ನು ಕಟ್ಟಿದವರು ಪತ್ರ ಬರೆಯುವುದು ಹೇಗೆ ಎಂದು ಪುಸ್ತಕ ಬರೆದವರು. ಕೊನೆಗೆ ತಾವು ಬರೆಯದ ಒಂದು ಪತ್ರಕ್ಕೆ ಜೀವ ಕೊಟ್ಟರು.