ಉಪಾಧ್ಯಾಯ ಪಂಜೆ ಮಂಗೇಶರಾಯರು

ಲೋಕದಲ್ಲಿ ಉಪಾಧ್ಯಾಯನ ಕೀರ್ತಿಯು ಬಹು ವಿಚಿತ್ರವಾದುದು. ವಕೀಲನ ಹೆಸರು ತೀರ್ಪುಗಳಲ್ಲಿಯೂ, ಅಧಿಕಾರಿಯ ಹೆಸರು ಕಚೇರಿಯ ದಫ್ತರಗಳಲ್ಲಿಯೂ, ಧನಿಕನ ಹೆಸರು ಛತ್ರದ ಕಲ್ಲಿನ ಮೇಲೆಯೂ ಉಳಿಯುವುದುಂಟು. ಉಪಾಧ್ಯಾಯನ ಹೆಸರಾದರೋ ಶಿಷ್ಯರ ನೆನಪಿನಲ್ಲಿ ಮಾತ್ರವೇ ಇದ್ದು, ಆ ತಲೆಮಾರು ಕಳೆದೊಡನೆ ಅಳಿಸಿಹೋಗುತ್ತದೆ. ಈ ನಿಯಮಕ್ಕೆ ಹೊರತಾಗಿ ನಿಂತವರು ನಮ್ಮ ನಾಡಿನಲ್ಲಿ ಕೆಲವರೇ. ಅಂತಹವರಲ್ಲಿ ಪಂಜೆ ಮಂಗೇಶರಾಯರು ಮುಖ್ಯರು. ಅವರು ಹುಟ್ಟಿ 150 ವರ್ಷಗಳು ತುಂಬಿಹೋದುವು. ತೀರಿಕೊಂಡು ಎಂಟು ದಶಕಗಳು ಮೀರಿದುವು. ಅವರ ತರಗತಿಯಲ್ಲಿ ಕುಳಿತು ಪಾಠ ಕೇಳಿದವರ ತಲೆಮಾರು ಕಳೆದುಹೋಯಿತು. ಆದರೂ ಕನ್ನಡ ಶಾಲೆಯ ಹಲಗೆಯ ಮೇಲೆ ಕುಳಿತು, ನಾಗರಹಾವನ್ನು ಕುರಿತ ಅವರ ಪದ್ಯವನ್ನು ತಲೆಯಾಡಿಸುತ್ತ ಹೇಳಿದವರೆಲ್ಲರೂ, ತಿಳಿದೋ ತಿಳಿಯದೆಯೋ, ಅವರ ಶಿಷ್ಯರೇ ಆಗಿದ್ದಾರೆ.

ಮಂಗೇಶರಾಯರು 1874ನೆಯ ಇಸವಿ ಫೆಬ್ರುವರಿ 22ರಂದು ನೇತ್ರಾವತಿಯ ದಡದ ಬಂಟ್ವಾಳದಲ್ಲಿ ಜನಿಸಿದರು. ಸಾರಸ್ವತ ಮನೆತನ, ಮನೆಯ ಮಾತು ಕೊಂಕಣಿ. ಹೆಸರಿನ ಮೊದಲಿಗೆ ಬರುವ ಪಂಜೆಯೆಂಬುದು ಹಿರಿಯರ ಊರಾದ ಪಂಜದಿಂದ ಬಂದುದು. ಬೀದಿಗಿಳಿದರೆ ತುಳು, ಶಾಲೆಗೆ ಹೋದರೆ ಕನ್ನಡ, ಪರೀಕ್ಷೆಗೆ ಕುಳಿತರೆ ಇಂಗ್ಲಿಷು: ಇದು ಆ ಕಾಲದ ದಕ್ಷಿಣ ಕನ್ನಡದ ಹುಡುಗನ ಸ್ಥಿತಿ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಸಂಸಾರದ ಹೊರೆಯು ಅವರ ಹೆಗಲಿಗೆ ಬಿದ್ದಿತು. ಇತರರ ಮಕ್ಕಳಿಗೆ ಪಾಠ ಹೇಳಿ ಬಂದ ಹಣದಿಂದ ತಾವೂ ಓದಿ ಮನೆಯನ್ನೂ ನಡೆಯಿಸಬೇಕಾಯಿತು. ಹೀಗೆ ಉಪಾಧ್ಯಾಯ ವೃತ್ತಿಯು ಅವರಿಗೆ ಮೊದಲು ಅವಶ್ಯಕತೆಯಾಗಿ ಬಂದು, ಅನಂತರ ವ್ರತವಾಯಿತು.

ಅಂದಿನ ಮಂಗಳೂರು ಕನ್ನಡ ವಿದ್ಯೆಗೆ ಹೆಸರಾದ ಪಟ್ಟಣ. ಬಾಸೆಲ್ ಮಿಷನ್ನಿನವರ ಮುದ್ರಣಾಲಯವು ಅಲ್ಲಿ 1841ರಿಂದ ನಡೆಯುತ್ತಿದ್ದಿತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವು 1843ರಲ್ಲಿ ಅಲ್ಲಿಂದಲೇ ಹೊರಟಿತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಈ ಪಟ್ಟಣದ ಸರಕಾರಿ ಕಾಲೇಜಿನಲ್ಲಿ ಮಂಗೇಶರಾಯರಿಗೆ ಕನ್ನಡ ಪಂಡಿತರ ಕೆಲಸವು ದೊರೆಯಿತು. ಪಂಡಿತರೆಂದರೆ ಆಗಿನ ವಿದ್ಯಾಶಾಲೆಗಳಲ್ಲಿ ಎಷ್ಟು ಮಾತ್ರದ ಗೌರವವಿದ್ದಿತೆಂಬುದನ್ನು ಹಿರಿಯ ವಾಚಕರು ಕೇಳಿ ಬಲ್ಲರು. ಇಂಗ್ಲಿಷು ಕಲಿಸುವವರಿಗೆ ಮೇಲಿನ ಸಂಬಳ, ಮೇಲಿನ ಪೀಠ. ದೇಶಭಾಷೆಯ ಪಂಡಿತರಿಗೆ ಎರಡೂ ಕಡಮೆ. ಹುಡುಗರು ಆ ಗಂಟೆಯನ್ನು ವಿಶ್ರಾಂತಿಯ ಗಂಟೆಯೆಂದೇ ತಿಳಿಯುತ್ತಿದ್ದರು. ಅಂತಹ ಪೀಠದಲ್ಲಿ ಕುಳಿತು ಮಂಗೇಶರಾಯರು ಗಳಿಸಿದ ಪ್ರೀತಿಯು ಪೀಠದಿಂದ ಬಂದುದಲ್ಲ, ಮನುಷ್ಯನಿಂದ ಬಂದುದು. ಮುಂದೆ 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಬಿರುದನ್ನು ಪಡೆದ ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರಿಂದ ಕನ್ನಡ ಪಾಠವನ್ನು ಕೇಳಿದವರು ಎಂಬ ಒಂದು ಸಂಗತಿಯೇ ಇದಕ್ಕೆ ಸಾಕ್ಷಿ.

ಪಂಡಿತರ ಕೆಲಸದಲ್ಲಿಯೇ ಅವರು ನಿಲ್ಲಲಿಲ್ಲ. ದುಡಿಯುತ್ತಿದ್ದಂತೆಯೇ ಬಿ.ಎ. ಪರೀಕ್ಷೆಯನ್ನೂ ಬೋಧನಶಾಸ್ತ್ರದ ಎಲ್.ಟಿ. ಪದವಿಯನ್ನೂ ಮುಗಿಸಿ, ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖೆಯ ಅಧಿಕಾರಿಗಳಾದರು. ಇನಸ್ಪೆಕ್ಟರರ ಸವಾರಿಯೆಂದರೆ ಹಳ್ಳಿಯ ಶಾಲೆಗೆ ಆಗ ಎಂತಹ ಭೀತಿಯಿದ್ದಿತು! ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಕ್ಕಳ ಪರೀಕ್ಷಾಫಲವನ್ನು ನೋಡಿ ಶಾಲೆಗೆ ಸಹಾಯದ್ರವ್ಯವನ್ನು ಕೊಡುವ ಪದ್ಧತಿಯಿದ್ದುದರಿಂದ, ಒಂದು ಮಗುವು ಬಾಯಿ ತೆರೆಯದಿದ್ದರೆ ಬಡ ಮಾಸ್ತರರ ಅನ್ನಕ್ಕೇ ಸಂಚಕಾರ ಬರುತ್ತಿದ್ದಿತು. ಪದ್ಧತಿಯು ಹೋದರೂ ಭಯವು ಹೋಗಲಿಲ್ಲ. ಮಂಗೇಶರಾಯರು ಈ ಅಧಿಕಾರವನ್ನು ಹೊತ್ತುಕೊಂಡು ಹೋದುದು ಬೇರೊಂದು ಬಗೆಯಿಂದ. ಅವರು ಮಕ್ಕಳ ನಡುವೆ ಕತೆ ಹೇಳುತ್ತಿದ್ದರು, ಹಾಡುತ್ತಿದ್ದರು, ನಗಿಸುತ್ತಿದ್ದರು. ಹೆದರಿದ ಮಗುವಿನಿಂದ ಉತ್ತರವನ್ನು ಹೊರಡಿಸುವುದು ಅಸಾಧ್ಯ, ನಗುವ ಮಗುವು ಕೇಳದಿದ್ದುದನ್ನೂ ಹೇಳೀತು ಎಂಬ ಸಣ್ಣ ಸತ್ಯವನ್ನು ಅವರು ಯಾವ ಬೋಧನಶಾಸ್ತ್ರದ ಗ್ರಂಥಕ್ಕಿಂತಲೂ ಚೆನ್ನಾಗಿ ಬಲ್ಲವರಾಗಿದ್ದರು.

ಅವರ ಪದ್ಯಗಳೂ ಕತೆಗಳೂ ಹುಟ್ಟಿದುದು ಈ ಅನುಭವದಿಂದಲೇ ಎಂಬುದನ್ನು ನಾವು ಮರೆಯಬಾರದು. ಕಲಿಸಲು ಹೊರಟವರ ಕೈಯಲ್ಲಿ ಮಗುವಿಗೆ ತಕ್ಕ ಕನ್ನಡವಿರಲಿಲ್ಲ. ಇದ್ದುದು ಶತಕಗಳು, ಹಳಗನ್ನಡದ ಪದ್ಯಗಳು, ನೀತಿಯ ಉಪದೇಶಗಳು. ಎಲ್ಲವೂ ದೊಡ್ಡವರು ದೊಡ್ಡವರಿಗಾಗಿ ಮಾಡಿದುವು. ಮಗುವು ಅವುಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದಿತು. ಅರ್ಥವು ಬರಲು ಹತ್ತು ವರ್ಷ ಕಾಯಬೇಕಾಗಿದ್ದಿತು. ಮಂಗೇಶರಾಯರು ಮಗುವಿನ ಬಾಯಿಗೆ ಮೊದಲು ರುಚಿಯನ್ನು ಕೊಟ್ಟರು, ಅನಂತರ ಅರ್ಥವನ್ನು ಕೊಟ್ಟರು. ನಾಗರಹಾವಿನ ಪದ್ಯದಲ್ಲಿ ಹುಡುಗನು ಹಾವನ್ನು ಕರೆಯುತ್ತಾನೆ, ಕೈಮುಗಿಯುತ್ತಾನೆ, ಹಾಲನ್ನು ಕೊಡುವೆನೆನ್ನುತ್ತಾನೆ. ಕಡೆಗೆ ನಮಸ್ಕರಿಸಿ ಹೊರಗೆ ಕಳುಹಿಸುತ್ತಾನೆ. ಭಯ, ಭಕ್ತಿ, ಕುತೂಹಲ ಮೂರೂ ಆ ಸಣ್ಣ ಹಾಡಿನಲ್ಲಿ ಅಡಗಿವೆ. ತೆಂಕಣ ಗಾಳಿಯಾಟವೆಂಬ ಪದ್ಯವನ್ನು ಗಟ್ಟಿಯಾಗಿ ಓದಿದರೆ, ಅರ್ಥವನ್ನು ಯಾರೂ ಹೇಳದಿದ್ದರೂ, ಕಡಲಿನ ಕಡೆಯಿಂದ ಬಿರುಗಾಳಿಯು ಬೀಸಿ ಬರುವ ಸದ್ದು ಕಿವಿಗೆ ಕೇಳಿಸುತ್ತದೆ.

ಕತೆಗಳಲ್ಲಿಯೂ ಅವರ ರೀತಿ ಇದೇ. ಸಿಗಡಿ ಯಾಕೆ ಒಣಗಲಿಲ್ಲವೆಂಬ ಅವರ ಕತೆಯಲ್ಲಿ ಒಂದು ಪ್ರಶ್ನೆಯಿಂದ ಮತ್ತೊಂದು ಪ್ರಶ್ನೆಯು ಹುಟ್ಟಿ ಸರಪಣಿಯಾಗಿ ಬೆಳೆಯುತ್ತದೆ. ಕರಾವಳಿಯ ಮನೆಯಂಗಳದಲ್ಲಿ ಮೀನು ಒಣಗುವುದನ್ನು ದಿನವೂ ಕಾಣುವ ಮಗುವಿಗೆ ಕಾರ್ಯಕಾರಣ ವಿಚಾರದ ಮೊದಲ ಪಾಠವು ಅದಕ್ಕಿಂತ ಹಿತವಾಗಿ ಹೇಗೆ ದೊರೆತೀತು? ಮೂರು ಕರಡಿಗಳಂತಹ ಪರದೇಶದ ಕತೆಯನ್ನು ಹೇಳಿದಾಗಲೂ ಕರಡಿಗಳು ಕನ್ನಡವನ್ನೇ ಆಡುವಂತೆ ಮಾಡಿದರು. ಮಕ್ಕಳ ಪುಸ್ತಕಗಳನ್ನು ಹೊರಡಿಸುವುದಕ್ಕಾಗಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಹುಟ್ಟಿದುದರಲ್ಲಿ ಅವರ ಪಾಲು ದೊಡ್ಡದು.

ಮಕ್ಕಳಿಗೆ ಬರೆಯುವವರು ದೊಡ್ಡ ವಿದ್ಯೆಗೆ ಸಲ್ಲದವರೆಂಬ ಭಾವನೆಯು ನಮ್ಮಲ್ಲಿ ಹಲವರಿಗುಂಟು. ಮಂಗೇಶರಾಯರ ಜೀವನವು ಇದಕ್ಕೆ ತಕ್ಕ ಉತ್ತರವಾಗಿದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲರು ಸಂಪಾದಿಸಿದ್ದರಷ್ಟೆ. ಅದನ್ನು ಪರಿಷ್ಕರಿಸಿ 1920ರಲ್ಲಿ ಮತ್ತೆ ಹೊರತಂದವರು ಮೂರು ಕರಡಿಗಳ ಕತೆಯನ್ನು ಹೇಳಿದ ಈ ಪಂಡಿತರೇ. 1900ರಲ್ಲಿ ಬೆನಗಲ್ ರಾಮರಾಯರು ಮಂಗಳೂರಿನಲ್ಲಿ ಸುವಾಸಿನಿಯೆಂಬ ಮಾಸಪತ್ರಿಕೆಯನ್ನು ಆರಂಭಿಸಿದಾಗ, ಅದಕ್ಕೆ ಮಂಗೇಶರಾಯರು ಬರೆದ ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ ಮೊದಲಾದ ಕತೆಗಳು ಕನ್ನಡದ ಸಣ್ಣಕತೆಯ ಮೊಳಕೆಗಳೆಂದು ವಿದ್ವಾಂಸರು ಎಣಿಸುತ್ತಾರೆ. ಆದರೆ ಈ ಬರೆಹಗಳಿಗೆಲ್ಲ ಅವರು ತಮ್ಮ ಹೆಸರನ್ನು ಹಾಕಲಿಲ್ಲ. ಒಮ್ಮೆ ಹರಟೆಮಲ್ಲ, ಒಮ್ಮೆ ರಾ.ಮ.ಪಂ., ಪದ್ಯಗಳಿಗೆ ಕವಿಶಿಷ್ಯ. ತಾವು ಕವಿಯಲ್ಲ, ಕವಿಗಳ ಶಿಷ್ಯನೆಂದು ಕರೆದುಕೊಂಡ ಆ ವಿನಯವು ಸಹಜವಾದುದು; ಆದರೆ ಅದರಿಂದ ನಾಡಿಗೆ ನಷ್ಟವೂ ಆಯಿತೆಂದು ಹೇಳದೆ ವಿಧಿಯಿಲ್ಲ. ಬರೆದುದು ಸ್ವಲ್ಪ, ಅದೂ ಪತ್ರಿಕೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಬೇರೆ ಬೇರೆ ಹೆಸರುಗಳಲ್ಲಿ ಚೆದರಿತು. ಪದ್ಯವು ಬಾಯಿಂದ ಬಾಯಿಗೆ ಹರಡಿತು. ಬರೆದವರು ಯಾರೆಂಬುದು ಎಷ್ಟೋ ಮನೆಗಳಿಗೆ ತಿಳಿಯದೆಯೇ ಹೋಯಿತು.

ಇನ್ನು ಕೊಡಗಿನ ವಿಚಾರ. ಮಂಗೇಶರಾಯರು ಘಟ್ಟವನ್ನೇರಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗು ಆಗ ಚೀಫ್ ಕಮಿಷನರರ ಆಳಿಕೆಯ ಪ್ರತ್ಯೇಕ ಪ್ರಾಂತ. ಅಲ್ಲಿನ ಮನೆಗಳಲ್ಲಿ ಕೊಡವ ಮಾತು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷು. ಬಂಟ್ವಾಳದಲ್ಲಿ ಕೊಂಕಣಿಯ ತೊಟ್ಟಿಲಲ್ಲಿ ಬೆಳೆದ ಮುಖ್ಯೋಪಾಧ್ಯಾಯರಿಗೆ ಆ ಹುಡುಗರ ಸ್ಥಿತಿಯು ಹೊಸದಾಗಿರಲಿಲ್ಲ; ಅದು ಅವರದೇ ಬಾಲ್ಯವಾಗಿದ್ದಿತು. ಹೊರಗಿನಿಂದ ಬಂದ ಅಧಿಕಾರಿಯು ಸಾಮಾನ್ಯವಾಗಿ ಆ ಊರಿನವರಿಗೆ ತನ್ನ ಊರನ್ನು ಹೊಗಳುತ್ತಾನೆ. ಮಂಗೇಶರಾಯರು ಕೊಡಗಿನವರಿಗೆ ಕೊಡಗನ್ನೇ ಹೊಗಳಿ ಹಾಡಿದರು. ಅದುವೇ ಹುತ್ತರಿ ಹಾಡು. ಹೊಸ ಭತ್ತದ ಕದಿರನ್ನು ಮನೆಗೆ ತರುವ ಹುತ್ತರಿಯ ಹಬ್ಬವು ಕೊಡಗಿನವರಿಗೆ ಪ್ರಾಣಪ್ರಾಯವಾದುದು. ಆ ಹಬ್ಬದ ಹೆಸರಿನಲ್ಲಿ ಆ ಬೆಟ್ಟಗಳನ್ನೂ ಆ ವೀರರನ್ನೂ ಕನ್ನಡದಲ್ಲಿ ಕೊಂಡಾಡಿದ ಹಾಡನ್ನು ಕೊಡಗು ತನ್ನದೆಂದು ಸ್ವೀಕರಿಸಿತು. ಇಂದಿಗೂ ಅದು ಅಲ್ಲಿ ನಾಡಗೀತದ ಗೌರವಕ್ಕೆ ಪಾತ್ರವಾಗಿದೆ.

ಇದೇ ಔದಾರ್ಯವು ತುಳುವಿನ ವಿಷಯದಲ್ಲಿಯೂ ಕಂಡುಬರುತ್ತದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕತೆಯು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿಯೂ ಗರಡಿಗಳ ಪಾಡ್ದನದಲ್ಲಿಯೂ ಇದ್ದಿತು. ಓದುಬರೆಹದವರು ಅದನ್ನು ಲಕ್ಷಿಸಿರಲಿಲ್ಲ. ಆ ವೀರರು ತಿರುಗಾಡಿದ ಸೀಮೆಗಳಲ್ಲಿ ಪಂಜವೂ ಒಂದು. ಮಂಗೇಶರಾಯರು ಅವರ ಕತೆಯನ್ನು ಕನ್ನಡ ಗದ್ಯದಲ್ಲಿ ಬರೆದು, ಒಕ್ಕಲ ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿದುದನ್ನು ಶಾಲೆಯ ಪುಸ್ತಕದಲ್ಲಿ ಮತ್ತೆ ಕಾಣುವಂತೆ ಮಾಡಿದರು. ತನ್ನ ಮನೆಯ ಕತೆಯು ಅಚ್ಚಿನಲ್ಲಿ ಕಂಡಾಗ ಹುಡುಗನ ಎದೆಯಲ್ಲಿ ಮೂಡುವ ಅಭಿಮಾನವು ಎಂತಹುದೆಂಬುದನ್ನು ಬಲ್ಲವರೇ ಬಲ್ಲರು.

ನಿವೃತ್ತರಾದ ಬಳಿಕ 1934ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಕಚೇರಿಯ ಭಾಷೆ ಉರ್ದು, ಮೇಲಿನ ವಿದ್ಯೆಯ ಭಾಷೆಯೂ ಉರ್ದು. ಮನೆಯ ಮಾತನ್ನು ಶಾಲೆಯಲ್ಲಿ ಕೇಳದ ಕನ್ನಡ ಮಕ್ಕಳ ನಾಡಿನಲ್ಲಿ, ಮಕ್ಕಳ ಬಾಯಿಗೆ ಕನ್ನಡವನ್ನಿಟ್ಟ ಉಪಾಧ್ಯಾಯರು ಅಧ್ಯಕ್ಷಪೀಠವನ್ನೇರಿದುದು ಉಚಿತವೇ ಆಯಿತು. ಮೂರು ವರ್ಷಗಳ ಅನಂತರ, 1937ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ ಅವರು ದೇಹವನ್ನು ಬಿಟ್ಟರು.

ವಾಚಕರು ಈ ಊರುಗಳನ್ನು ಒಮ್ಮೆ ಸಾಲಾಗಿಟ್ಟು ನೋಡಬೇಕು. ಮಂಗಳೂರು ಮದರಾಸಿನ ಆಳಿಕೆಯಲ್ಲಿ, ಮಡಿಕೇರಿ ಚೀಫ್ ಕಮಿಷನರರ ಆಳಿಕೆಯಲ್ಲಿ, ರಾಯಚೂರು ನಿಜಾಮರ ಆಳಿಕೆಯಲ್ಲಿ. ಒಂದೇ ಭಾಷೆಯ ಜನರು ಬೇರೆ ಬೇರೆ ದೊರೆತನಗಳ ಅಂಚಿನಲ್ಲಿ ಕಡೆಗಣಿಸಲ್ಪಟ್ಟು ಬಾಳುತ್ತಿದ್ದ ಕಾಲವದು. ಈ ತುಂಡುಗಳು ಒಂದೇ ರಾಜ್ಯದಲ್ಲಿ ಕೂಡಿದುದು 1956ರ ನವೆಂಬರ್ 1ರಂದು. ಮಂಗೇಶರಾಯರು ತೀರಿಕೊಂಡು ಆಗ 19 ವರ್ಷಗಳು ಕಳೆದಿದ್ದುವು. ಆದರೆ ನಕ್ಷೆಯಲ್ಲಿ ನಾಡು ಕೂಡುವುದಕ್ಕೆ ಮೊದಲೇ, ಆ ಎಲ್ಲ ತುಂಡುಗಳಲ್ಲಿ ಕುಳಿತ ಮಕ್ಕಳು ಒಂದೇ ಹಾಡನ್ನು ಹಾಡುವ ಕಾಲವು ಬರುವಂತೆ ದುಡಿದವರಲ್ಲಿ ಈ ಉಪಾಧ್ಯಾಯರೊಬ್ಬರು. ಭಾಷಣದಿಂದಾಗಲಿ ಠರಾವುಗಳಿಂದಾಗಲಿ ಅಲ್ಲ, ಪಾಠದಿಂದ. ಕನ್ನಡವು ಕೊಂಕಣಿಯ ಮಗನಿಂದ ಹಾಡನ್ನು ಪಡೆಯಿತು, ತುಳುವಿನಿಂದ ವೀರರನ್ನು ಪಡೆಯಿತು, ಕೊಡಗಿನ ಹಬ್ಬದಿಂದ ಸೊಬಗನ್ನು ಪಡೆಯಿತು. ನೆರೆಯ ಮಾತನ್ನು ತುಳಿದು ಬೆಳೆಯದೆ, ಅದರ ಕೈಹಿಡಿದು ಬೆಳೆದುದೇ ಮಂಗೇಶರಾಯರ ಕನ್ನಡ. ಭಾಷಾಭಿಮಾನವನ್ನು ದ್ವೇಷವೆಂದು ತಿಳಿಯುವವರು ಈ ಬಾಳನ್ನು ಓದಿಕೊಳ್ಳಲಿ.

ನಮ್ಮಲ್ಲಿ ಸ್ಮಾರಕವೆಂದೊಡನೆ ವಿಗ್ರಹದ ಮಾತು ಬರುತ್ತದೆ. ಮಂಗೇಶರಾಯರಿಗೆ ವಿಗ್ರಹವು ಬೇಡವೆಂದು ನಾವು ಹೇಳುವುದಿಲ್ಲ; ಆದರೆ ಅಷ್ಟಕ್ಕೇ ಕರ್ತವ್ಯವು ಮುಗಿಯಿತೆಂದು ಕುಳಿತರೆ ಅದು ಆತ್ಮವಂಚನೆ. ಇಂದು ಅನುಕೂಲವಂತರ ಮಕ್ಕಳು ಕನ್ನಡ ಶಾಲೆಯ ಹೊಸ್ತಿಲನ್ನು ತುಳಿಯುವುದಿಲ್ಲ. ಬಡವರ ಮಕ್ಕಳಿಗಾಗಿ ಉಳಿದ ಶಾಲೆಯಲ್ಲಿ ಉಪಾಧ್ಯಾಯನಿಗೆ ಪಾಠಕ್ಕಿಂತ ಲೆಕ್ಕಪತ್ರಗಳ, ಗಣತಿಯ, ವರದಿಗಳ ಕೆಲಸವೇ ಹೆಚ್ಚಾಗಿದೆ. ಮಕ್ಕಳೊಡನೆ ಹಾಡಲು ಅವನಿಗೆ ಹೊತ್ತೆಲ್ಲಿಯದು? ತನಿಖೆಗೆ ಹೋಗುವ ಅಧಿಕಾರಿಗಳು ರಿಜಿಸ್ಟರುಗಳನ್ನು ತೆರೆಯುವುದಕ್ಕೆ ಮೊದಲು ಒಂದು ಕತೆಯನ್ನು ಹೇಳಲಿ. ಪಟ್ಟಣದ ಗೃಹಸ್ಥರು ತಮ್ಮ ಮಕ್ಕಳನ್ನು ಯಾವ ಶಾಲೆಗೆ ಕಳುಹಿಸಿದರೂ, ರಾತ್ರಿ ಮಲಗುವ ಮುನ್ನ ಒಂದು ಕನ್ನಡ ಪದ್ಯವನ್ನು ಅವರ ಬಾಯಿಂದ ಹೇಳಿಸಲಿ. ಅದನ್ನು ಬರೆದವರ ಹೆಸರನ್ನೂ ಹೇಳಿಕೊಡಲಿ. ತನ್ನನ್ನು ಶಿಷ್ಯನೆಂದು ಕರೆದುಕೊಂಡ ಗುರುವಿಗೆ ನಾವು ಸಲ್ಲಿಸಬಹುದಾದ ದಕ್ಷಿಣೆಯು ಇದಕ್ಕಿಂತ ಬೇರೆ ಉಂಟೆಂದು ನಮಗೆ ತೋರುವುದಿಲ್ಲ.