ಮನಸ್ಸಾಕ್ಷಿಗಾಗಿ ಊರು ಬಿಟ್ಟ ತಾಯಿ

ನೆರೆಮನೆಯಲ್ಲಿ ಮಗುವೊಂದು ಸತ್ತು ಹುಟ್ಟಿತು ಎಂಬ ಸುದ್ದಿ ಬರುತ್ತದೆ. ಮನೆಯ ಯಜಮಾನ ಹಠಾತ್ತನೆ ತೀರಿಕೊಂಡ ಎಂಬ ಸುದ್ದಿ ಬರುತ್ತದೆ. ಆಗ ಯಾರಾದರೊಬ್ಬರು ಮೆಲ್ಲನೆ ಆಡುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: ಏನು ಪಾಪ ಮಾಡಿದ್ದರೋ, ದೇವರು ಶಿಕ್ಷೆ ಕೊಟ್ಟ. ಈ ಮಾತು ಒಬ್ಬ ತಾಯಿಯನ್ನು ಬದುಕಿನುದ್ದಕ್ಕೂ, ಸತ್ತ ಮೇಲೂ ಹೇಗೆ ಬೆನ್ನಟ್ಟಿತು ಎಂಬುದನ್ನು ಇಂದು ನಿಮಗೆ ಹೇಳಬೇಕು. ಆಕೆಯ ಹೆಸರು ಆನ್ ಹಚಿನ್ಸನ್. ಆಕೆ ಕಥೋಲಿಕಳಲ್ಲ. ಆದರೂ ಆಕೆಯ ಕಥೆ ನಮ್ಮ ಮನೆಗಳಿಗೆ ದೂರದ್ದಲ್ಲ.

ಆನ್ 1591ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಆಲ್ಫರ್ಡ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದಳು. ತಂದೆ ಫ್ರಾನ್ಸಿಸ್ ಮಾರ್ಬರಿ ಆಂಗ್ಲಿಕನ್ ಪಾದ್ರಿ. ಸರಿಯಾದ ವಿದ್ಯೆಯಿಲ್ಲದವರನ್ನು ಪಾದ್ರಿಗಳನ್ನಾಗಿ ಮಾಡುತ್ತಿದ್ದಾರೆಂದು ಮೇಲಿನವರನ್ನೇ ಟೀಕಿಸಿ ಸೆರೆಮನೆ ಕಂಡವರು. ಅವರ ಮಡಿಲಲ್ಲಿ ಬೆಳೆದ ಮಗಳು ಬೈಬಲನ್ನು ಚೆನ್ನಾಗಿ ಓದಿದಳು; ಹೆದರದೆ ಮಾತನಾಡುವುದನ್ನೂ ಕಲಿತಳು. 1612ರಲ್ಲಿ ಬಟ್ಟೆ ವ್ಯಾಪಾರಿ ವಿಲಿಯಂ ಹಚಿನ್ಸನ್‌ನನ್ನು ಮದುವೆಯಾದಳು. ಅವರಿಗೆ ಒಟ್ಟು 15 ಮಕ್ಕಳು. 1630ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಆಕೆ ಮಣ್ಣಿಗೆ ಕೊಟ್ಟಳು.

ಆ ಕಾಲದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂಬ ಒಂದು ಪಂಗಡವಿತ್ತು. ತಮ್ಮ ಆಂಗ್ಲಿಕನ್ ಸಭೆಯಲ್ಲಿ ಕಥೋಲಿಕ ಆಚರಣೆಗಳು ಇನ್ನೂ ಉಳಿದಿವೆ, ಅವನ್ನೆಲ್ಲ ತೊಳೆದು ಶುದ್ಧಮಾಡಬೇಕು ಎಂಬುದು ಅವರ ಹಟ. ಸರಕಾರ ಅವರನ್ನು ಕಾಡಿತು. ಅವರಲ್ಲಿ ಸಾವಿರಾರು ಜನ ಸಮುದ್ರ ದಾಟಿ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದರು. 1630ರಲ್ಲಿ ಹೋದವರ ನಾಯಕ ಜಾನ್ ವಿಂತ್ರಾಪ್. ಆನ್ ಬಹಳ ಮೆಚ್ಚಿಕೊಂಡಿದ್ದ ಬೋಧಕ ಜಾನ್ ಕಾಟನ್ 1633ರಲ್ಲಿ ಹಡಗು ಹತ್ತಿದರು. ಅವರ ಪ್ರಬೋಧನೆ ಕೇಳಲು ಆಕೆ ಆಲ್ಫರ್ಡಿನಿಂದ ಸುಮಾರು 35 ಕಿಲೋಮೀಟರ್ ದೂರದ ಬಾಸ್ಟನ್ ಪಟ್ಟಣಕ್ಕೆ ಹೋಗುತ್ತಿದ್ದವಳು. ಮರುವರ್ಷವೇ ಹಚಿನ್ಸನ್ ಕುಟುಂಬವೂ ಗ್ರಿಫಿನ್ ಎಂಬ ಹಡಗಿನಲ್ಲಿ ಹೊರಟು, ಹೊಸ ನಾಡಿನ ಬಾಸ್ಟನ್ ಎಂಬ ಹೊಸ ಊರಿಗೆ ಬಂದಿಳಿಯಿತು. ಅವರಿಗೆ ಸಿಕ್ಕಿದ ಮನೆ ವಿಂತ್ರಾಪರ ಮನೆಯ ಎದುರಿಗೇ ಇತ್ತು.

ಆನ್ ಅಲ್ಲಿ ಸೂಲಗಿತ್ತಿಯಾದಳು. ಹೆರಿಗೆಯ ನೋವಿನಲ್ಲಿ ಕೈಹಿಡಿದವಳ ಮೇಲೆ ಹೆಂಗಸರಿಗೆ ಎಷ್ಟು ವಿಶ್ವಾಸವಿರುತ್ತದೆಂದು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಭಾನುವಾರದ ಪ್ರಬೋಧನೆಯ ಅರ್ಥ ಬಿಡಿಸಿ ಹೇಳಲು ಆಕೆ ವಾರಕ್ಕೊಮ್ಮೆ ಮನೆಯಲ್ಲಿ ಹೆಂಗಸರನ್ನು ಸೇರಿಸಿದಳು. ಬರುವವರ ಸಂಖ್ಯೆ 60 ದಾಟಿತು. ಗಂಡಸರೂ ಬಂದರು, 1636ರಲ್ಲಿ ರಾಜ್ಯಪಾಲನಾದ ಹೆನ್ರಿ ವೇನ್ ಕೂಡ ಬಂದ.

ಇಲ್ಲಿಂದ ತೊಂದರೆ ಶುರುವಾಯಿತು. ಶಿಸ್ತಿನ ನಡತೆ, ಒಳ್ಳೆಯ ಕೆಲಸ ಇವು ಒಬ್ಬನು ರಕ್ಷಣೆ ಹೊಂದಿದ್ದಾನೆಂಬುದಕ್ಕೆ ಗುರುತು ಎಂದು ಅಲ್ಲಿನ ಬೋಧಕರು ಹೇಳುತ್ತಿದ್ದರು. ಹೊರಗಿನ ನಡತೆ ಏನನ್ನೂ ಸಾಬೀತುಮಾಡದು, ದೇವರ ಕೃಪೆಯನ್ನು ಪವಿತ್ರಾತ್ಮರೇ ಒಳಗೆ ತಿಳಿಸುತ್ತಾರೆ ಎಂದು ಆನ್ ಹೇಳಿದಳು. ಕಾಟನ್ ಮತ್ತು ತನ್ನ ಬಂಧು ವೀಲ್‌ರೈಟ್ ಬಿಟ್ಟರೆ ಉಳಿದ ಬೋಧಕರೆಲ್ಲ ಕೃಪೆಯನ್ನು ಮರೆತು ಕ್ರಿಯೆಗಳನ್ನೇ ಸಾರುತ್ತಿದ್ದಾರೆಂದಳು. ಕೃಪೆಯೇ ಮೊದಲು, ಆದರೆ ವಿಶ್ವಾಸವು ಸತ್ಕ್ರಿಯೆಗಳಲ್ಲಿ ಫಲ ಕೊಡಬೇಕು ಎಂದು ಕಲಿತಿರುವ ನಾವು ಆಕೆಯ ಮಾತನ್ನೆಲ್ಲ ಒಪ್ಪಲಾರೆವು. ಆದರೆ ಆಕೆಯನ್ನು ನಡೆಸಿಕೊಂಡ ರೀತಿ ನೋಡಿ.

1637ರ ನವೆಂಬರಿನಲ್ಲಿ ಸುಮಾರು 40 ಗಂಡಸರ ಮುಂದೆ ಆಕೆಯನ್ನು ವಿಚಾರಣೆಗೆ ನಿಲ್ಲಿಸಿದರು. ಆಗ ಆಕೆಗೆ 46 ವರ್ಷ. ಮತ್ತೆ ರಾಜ್ಯಪಾಲರಾಗಿದ್ದ ವಿಂತ್ರಾಪರೇ ನ್ಯಾಯಾಧೀಶರು, ಅವರೇ ಆರೋಪ ಹೊರಿಸಿದವರು. ತಂದೆತಾಯಿಯರನ್ನು ಗೌರವಿಸಬೇಕೆಂಬ ದೇವರ ಕಟ್ಟಳೆಯನ್ನು ಆಕೆ ಮೀರಿದ್ದಾಳೆಂಬುದು ಒಂದು ಆರೋಪ. ಅಧಿಕಾರಿಗಳು ಊರಿಗೆ ತಂದೆಯಿದ್ದಂತೆ ಎಂಬುದು ಅವರ ವಾದ. ನಿಂತು ನಿಂತು ಸೋತು ಬೀಳುವಂತಾದಾಗ ಮಾತ್ರ ಕುಳಿತುಕೊಳ್ಳಲು ಬಿಟ್ಟರು. ಹಿರಿಯ ಹೆಂಗಸರು ಕಿರಿಯರಿಗೆ ಕಲಿಸಬೇಕೆಂದು ಬೈಬಲೇ ಹೇಳುತ್ತದಲ್ಲವೇ ಎಂದು ಆಕೆ ಕೇಳಿದಳು. ಸಾಕ್ಷಿ ಹೇಳುವ ಬೋಧಕರು ಪ್ರಮಾಣಮಾಡಲಿ ಎಂದಳು. ಆದರೆ ಎರಡನೆಯ ದಿನ ಆಕೆಯೂ ತಾಳ್ಮೆ ಕಳೆದುಕೊಂಡಳು. ದೇವರು ತನಗೆ ನೇರವಾಗಿ ತಿಳಿಸಿದ್ದಾರೆ, ಈ ನ್ಯಾಯಸಭೆಯೂ ಇದರ ಸಂತತಿಯೂ ಹಾಳಾಗುವುದು ಎಂದುಬಿಟ್ಟಳು. ಅವರಿಗೆ ಬೇಕಾದದ್ದು ಅಷ್ಟೇ. ಗಡೀಪಾರು ಎಂದು ತೀರ್ಪಾಯಿತು. ಚಳಿಗಾಲವಿಡೀ ಮನೆಮಕ್ಕಳಿಂದ ದೂರ ಬೇರೊಬ್ಬರ ಮನೆಯಲ್ಲಿ ಆಕೆಯನ್ನು ಸೆರೆಯಿಟ್ಟರು. 1638ರ ಮಾರ್ಚಿನಲ್ಲಿ ಸಭೆಯಿಂದಲೂ ಬಹಿಷ್ಕರಿಸಿದರು. ಮೆಚ್ಚಿನ ಗುರು ಕಾಟನ್ ಕೂಡ ಆಕೆಯ ಕೈಬಿಟ್ಟರು.

ಅಂದು ಆಕೆ ಹೊರನಡೆದಾಗ ಜತೆಗೆ ಎದ್ದುಬಂದವಳು ಮೇರಿ ಡಯರ್ ಎಂಬ ಯುವ ಗೃಹಿಣಿ. ಹಿಂದಿನ ಅಕ್ಟೋಬರಿನಲ್ಲಿ ಮೇರಿಗೆ ಅಂಗವಿಕಲ ಶಿಶುವೊಂದು ಸತ್ತು ಹುಟ್ಟಿತ್ತು. ಹೆರಿಗೆ ಮಾಡಿಸಿದವರಲ್ಲಿ ಆನ್ ಒಬ್ಬಳು. ತಾಯಿಯ ಮಾನ ಕಾಯಲು ಮಗುವನ್ನು ಗುಟ್ಟಾಗಿ ಹೂಳಿದ್ದರು. ಈಗ ಆ ಸುದ್ದಿ ಹೊರಬಿತ್ತು. ವಿಂತ್ರಾಪರು ಆ ಪುಟ್ಟ ಗೋರಿಯನ್ನು ಅಗೆಸಿದರು! ಮಗುವಿನ ರೂಪವನ್ನು ಬಣ್ಣಿಸಿ ಬರೆದು, ಇದು ತಪ್ಪು ಬೋಧನೆಗೆ ದೇವರು ಕೊಟ್ಟ ಗುರುತು ಎಂದು ಸಾರಿದರು.

ಗಡೀಪಾರಾದ ಆನ್ ಮತ್ತು ಮಕ್ಕಳು ಹಿಮದಲ್ಲಿ ದಿನಗಟ್ಟಲೆ ನಡೆದು ದಕ್ಷಿಣದ ಅಕ್ವಿಡ್ನೆಕ್ ದ್ವೀಪ ಸೇರಿದರು. ಹಿಂದೆ ಇದೇ ಮ್ಯಾಸಚೂಸೆಟ್ಸ್‌ನಿಂದ ಹೊರದೂಡಲ್ಪಟ್ಟಿದ್ದ ರಾಜರ್ ವಿಲಿಯಮ್ಸ್ ಅಲ್ಲಿನ ಮೂಲನಿವಾಸಿಗಳಾದ ನಾರಗನ್ಸೆಟ್ ಜನರಿಂದ ನೆಲ ದೊರಕಿಸಲು ನೆರವಾಗಿದ್ದರು. ಅಲ್ಲಿ ಆನ್‌ಗೂ ಗರ್ಭ ಕೆಟ್ಟಿತು. ಗರ್ಭದಲ್ಲಿ ಮಗು ಬೆಳೆಯದೆ ಗುಳ್ಳೆಗಳ ಗೊಂಚಲು ಬೆಳೆಯುವ ಕಾಯಿಲೆ ಅದಾಗಿರಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಬಾಸ್ಟನ್ನಿನವರು ಮಾತ್ರ ಅದನ್ನೂ ದೇವರ ತೀರ್ಪೆಂದರು. ವಿಂತ್ರಾಪರು ಕಲ್ಲುಹೃದಯದವರಾಗಿರಲಿಲ್ಲ. ಇಬ್ಬರು ಹೆಂಡಿರನ್ನು ಕಳೆದುಕೊಂಡವರು. ಹೊಸ ನಾಡಿಗೆ ಬಂದ ಕೆಲವೇ ದಿನಗಳಲ್ಲಿ ಮಗ ಹೆನ್ರಿ ನೀರಿನಲ್ಲಿ ಮುಳುಗಿ ಸತ್ತಿದ್ದ. ತಮ್ಮ ಮನೆಯ ದುಃಖ ಬಲ್ಲವರಿಗೆ ಎದುರುಮನೆಯ ದುಃಖ ಶಿಕ್ಷೆಯಾಗಿ ಕಂಡಿತು.

ವಿಲಿಯಂ ಎಂಬ ಆ ಗಂಡನನ್ನೂ ನೆನೆಯೋಣ. ಬಾಸ್ಟನ್ನಿನಿಂದ ಬಂದವರಿಗೆ, ತಾನು ಸಭೆಗಿಂತಲೂ ತನ್ನ ಹೆಂಡತಿಗೆ ಹೆಚ್ಚು ಬದ್ಧನೆಂದು ಹೇಳಿ ಕಳಿಸಿದವನು ಆತ. ಆತ ತೀರಿಕೊಂಡ ಮೇಲೆ 1642ರಲ್ಲಿ ಆನ್ ಕಿರಿಯ ಮಕ್ಕಳೊಂದಿಗೆ ಡಚ್ಚರ ಸೀಮೆಗೆ, ಇಂದಿನ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ ಹೋದಳು. 1643ರ ಫೆಬ್ರವರಿಯಲ್ಲಿ ಡಚ್ ಅಧಿಕಾರಿ ಕೀಫ್ಟ್‌ನ ಸೈನಿಕರು ರಾತ್ರಿಯ ಹೊತ್ತಿನಲ್ಲಿ ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದಿದ್ದರು. ಅದರ ಸೇಡಿನ ಬೆಂಕಿ ಆಗಸ್ಟಿನಲ್ಲಿ ಆನ್‌ಳ ಮನೆಗೂ ತಗಲಿತು. ಆಕೆಯೂ ಜತೆಗಿದ್ದ ಮಕ್ಕಳೂ ಕೊಲೆಯಾದರು. ಉಳಿದವಳು ಒಂಬತ್ತು ವರ್ಷದ ಸುಸಾನ; ಅವಳನ್ನು ಒಯ್ದವರು ಕೆಲವು ವರ್ಷಗಳ ಮೇಲೆ ಹಿಂದಿರುಗಿಸಿದರು. ಈ ಸಾವನ್ನೂ ದೇವರ ಕೈ ಎಂದು ಬರೆದ ಬೋಧಕರಿದ್ದರು.

ಹಿಂಸೆ ತಾಳದೆ ಊರು ಬಿಟ್ಟವರೇ ಹಿಂಸಕರಾದರು. 1647ರಲ್ಲಿ ಮ್ಯಾಸಚೂಸೆಟ್ಸ್ ಕಥೋಲಿಕ ಗುರುಗಳಿಗೆ ಗಡೀಪಾರು, ಮರಳಿ ಬಂದರೆ ಮರಣದಂಡನೆ ಎಂದು ಕಾನೂನು ಮಾಡಿತು. ಕ್ವೇಕರ್ ಪಂಥ ಸೇರಿದ ಮೇರಿ ಡಯರಳನ್ನು 1660ರಲ್ಲಿ ಗಲ್ಲಿಗೇರಿಸಿತು. ಆದರೆ ಹೊರದೂಡಲ್ಪಟ್ಟವರು ಕಟ್ಟಿದ ರೋಡ್ ಐಲೆಂಡ್‌ಗೆ 1663ರಲ್ಲಿ ಧರ್ಮಸ್ವಾತಂತ್ರ್ಯದ ರಾಜಪತ್ರ ಸಿಕ್ಕಿತು. 1922ರಲ್ಲಿ ಬಾಸ್ಟನ್ನಿನ ಶಾಸನಸಭೆಯ ಮುಂದೆ ಆನ್ ಮತ್ತು ಸುಸಾನಳ ಪ್ರತಿಮೆ ನಿಂತಿತು. 1987ರಲ್ಲಿ ರಾಜ್ಯಪಾಲ ಮೈಕೆಲ್ ಡುಕಾಕಿಸ್ ಆ ಗಡೀಪಾರಿನ ಆಜ್ಞೆಯನ್ನು ರದ್ದುಮಾಡಿದರು. ಸುಮಾರು 350 ವರ್ಷಗಳ ಮೇಲೆ!

ಹುಟ್ಟು ಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಪ್ರಭು ಯೇಸುವನ್ನು ಕೇಳಿದ್ದು ನಿಮಗೆ ನೆನಪಿದೆಯಲ್ಲವೇ? ಇಬ್ಬರೂ ಅಲ್ಲ ಎಂದರು ಪ್ರಭು. ಆಮೇಲೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಮುಂದಿನ ಸಲ ನೆರೆಮನೆಯಲ್ಲಿ ಸಾವಾದಾಗ, ಕಾರಣ ಹುಡುಕುವುದನ್ನು ಬಿಟ್ಟು ಒಂದು ಪಾತ್ರೆ ಗಂಜಿ ಹಿಡಿದು ಆ ಮನೆಯ ಹೊಸ್ತಿಲು ದಾಟೋಣ.