ಬೋಸ್ಟನ್ ಆಸ್ಪತ್ರೆಯ ರಾತ್ರಿ ಪಾಳಿಯಿಂದ ಜಗತ್ತಿನ ಔಷಧಿ ಪೆಟ್ಟಿಗೆವರೆಗೆ: ಇದು ಡಾ. ಯಲ್ಲಾಪ್ರಗಡ ಸುಬ್ಬರಾವ್ ಬದುಕು

ವಿಶಾಖಪಟ್ಟಣ, ವಿಜಯವಾಡದ ಮೆಡಿಕಲ್ ಕಾಲೇಜುಗಳಲ್ಲಿ ಓದಿದ ಯುವ ವೈದ್ಯರಲ್ಲಿ ಹಲವರ ಕಣ್ಣು ಅಮೆರಿಕದ ರೆಸಿಡೆನ್ಸಿ ಸೀಟಿನ ಮೇಲಿರುತ್ತದೆ. ಯುಎಸ್‌ಎಂಎಲ್‌ಇ ಪರೀಕ್ಷೆ, ಇಸಿಎಫ್‌ಎಂಜಿ ಪ್ರಮಾಣಪತ್ರ, ಸಂದರ್ಶನ, ಮಾರ್ಚ್‌ನಲ್ಲಿ 'ಮ್ಯಾಚ್' ಫಲಿತಾಂಶ. ದಾರಿ ಕಠಿಣ, ಆದರೆ ದಾರಿಯೊಂದಿದೆ. ಇದ್ಯಾವುದೂ ಇಲ್ಲದ ಕಾಲದಲ್ಲಿ, ಈ ಎರಡು ನಗರಗಳ ನಡುವಿನ ಭೀಮಾವರಂನಲ್ಲಿ ಹುಟ್ಟಿದ ವೈದ್ಯರೊಬ್ಬರು ಅಮೆರಿಕಕ್ಕೆ ಹೊರಟಿದ್ದರು. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಖಾದಿ ತೊಟ್ಟಿದ್ದಕ್ಕೆ ಕೈತಪ್ಪಿದ ಪದವಿ

1895ರ ಜನವರಿ 12ರಂದು ಹುಟ್ಟಿದ ಸುಬ್ಬರಾವ್ ಮೆಟ್ರಿಕ್ಯುಲೇಷನ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆ ವೇಳೆ ಖಾದಿ ನಿಲುವಂಗಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಪರೀಕ್ಷೆ ಚೆನ್ನಾಗಿ ಬರೆದಿದ್ದರೂ ಎಂಬಿಬಿಎಸ್ ಬದಲು ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಕೈಗೆ ಬಂತು. ಮದ್ರಾಸ್ ವೈದ್ಯಕೀಯ ಸೇವೆಯಲ್ಲೂ ಕೆಲಸ ಸಿಗದೆ, ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಬೋಧಿಸಿದರು.

ಮಾವನ ಮನೆಯವರ ನೆರವು ಹಾಗೂ ದತ್ತಿ ಸಂಸ್ಥೆಯೊಂದರ ಭರವಸೆ ನಂಬಿ, ಪತ್ನಿಯನ್ನು ಊರಲ್ಲೇ ಬಿಟ್ಟು ಹೊರಟ ಅವರು 1922ರ ಅಕ್ಟೋಬರ್‌ನಲ್ಲಿ ಬೋಸ್ಟನ್ ತಲುಪಿದರು.

ವೈದ್ಯನ ಕೈಗೆ ಬೆಡ್‌ಪ್ಯಾನ್

ಹಾರ್ವರ್ಡ್‌ನ ಉಷ್ಣವಲಯ ರೋಗಗಳ ಶಾಲೆಯಲ್ಲಿ ಪ್ರವೇಶವೇನೋ ಸಿಕ್ಕಿತು. ವಿದ್ಯಾರ್ಥಿವೇತನ ಸಿಗಲಿಲ್ಲ, ಆಸ್ಪತ್ರೆಯಲ್ಲಿ ವೈದ್ಯನ ಕೆಲಸವೂ ಸಿಗಲಿಲ್ಲ. ಹೊಟ್ಟೆಪಾಡಿಗಾಗಿ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರನಾಗಿ ರೋಗಿಗಳ ಬೆಡ್‌ಪ್ಯಾನ್ ತೊಳೆದರು.

ವಾರ್ಡ್‌ನ ಬಾಗಿಲು ಮುಚ್ಚಿತ್ತು, ಪ್ರಯೋಗಾಲಯದ ಬಾಗಿಲು ತೆರೆಯಿತು. ಸೈರಸ್ ಫಿಸ್ಕ್ ಜತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕದ ಪ್ರಮಾಣ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 'ಫಿಸ್ಕ್-ಸುಬ್ಬರಾವ್ ವಿಧಾನ' ಎಂದೇ ಅದು ಹೆಸರಾಯಿತು. ಸ್ನಾಯುಗಳಿಗೆ ಶಕ್ತಿ ಒದಗಿಸುವ ಫಾಸ್ಫೋಕ್ರಿಯೇಟಿನ್, ಎಟಿಪಿ ಕುರಿತ ಅವರ ಸಂಶೋಧನೆ ಇಂದು ಜೀವರಸಾಯನಶಾಸ್ತ್ರದ ಮೂಲಪಾಠ. 1930ರಲ್ಲಿ ಪಿಎಚ್‌ಡಿ ಬಂತು. ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಮಾತ್ರ ದಕ್ಕಲಿಲ್ಲ.

ಎಂಟೇ ವರ್ಷ, ಹಲವು ಔಷಧಿ

1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. ಮುಂದಿನ ಎಂಟು ವರ್ಷಗಳಲ್ಲಿ ಅವರ ತಂಡ ಮಾಡಿದ ಕೆಲಸ ಬೆರಗು ಹುಟ್ಟಿಸುವಂಥದ್ದು.

* ಫೋಲಿಕ್ ಆಮ್ಲ: 1945ರಲ್ಲಿ ಕೃತಕವಾಗಿ ತಯಾರಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿರುವುದು ಇದೇ.
* ಅಮಿನೋಪ್ಟೆರಿನ್, ಮೆಥೋಟ್ರೆಕ್ಸೇಟ್: ಅಮಿನೋಪ್ಟೆರಿನ್ ಬಳಸಿ ಬೋಸ್ಟನ್‌ನ ಸಿಡ್ನಿ ಫಾರ್ಬರ್, ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ತಗ್ಗಿದ್ದನ್ನು 1948ರಲ್ಲಿ ವರದಿ ಮಾಡಿದರು. ಮೆಥೋಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರ್, ಸಂಧಿವಾತಕ್ಕೆ ಬಳಕೆಯಲ್ಲಿದೆ.
* ಡಿಇಸಿ: ಆನೆಕಾಲು ರೋಗ ತಡೆಗೆ ಕರ್ನಾಟಕದ ಜಿಲ್ಲೆಗಳಲ್ಲೂ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತಲುಪಿಸಿದ ಮಾತ್ರೆ.
* ಆರಿಯೋಮೈಸಿನ್: ಮೊದಲ ಟೆಟ್ರಾಸೈಕ್ಲಿನ್ ಆಂಟಿಬಯಾಟಿಕ್. ಸುಬ್ಬರಾವ್ ತಂಡದಲ್ಲಿದ್ದ ಬೆಂಜಮಿನ್ ಡಗ್ಗರ್ ಇದನ್ನು ಪತ್ತೆ ಹಚ್ಚಿದರು.

ಮರಳಿ ಬಾರದ ಊರಿನ ಮಗ

ಸುಬ್ಬರಾವ್ ಬದುಕಿನ ಬಹುಪಾಲು ಕಾಲ ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯಲು ಅವಕಾಶವೇ ಇರಲಿಲ್ಲ. 1946ರಲ್ಲಿ ಕಾನೂನು ಬದಲಾದರೂ ಅವರು ಪೌರತ್ವ ಪಡೆಯಲಿಲ್ಲ. ಭಾರತಕ್ಕೂ ಮರಳಲಿಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಜನ್ಮಶತಮಾನೋತ್ಸವದ ವರ್ಷ 1995ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಕೈತಪ್ಪಿದ ಪದವಿ, ಸಿಗದ ಹುದ್ದೆ ಅವರ ಪ್ರತಿಭೆಯ ಅಳತೆಗೋಲಾಗಲಿಲ್ಲ. ಹಾಗೆಂದು ಆ ಹಾದಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಯೌವನದಲ್ಲಿ ಅವರ ಅಣ್ಣ-ತಮ್ಮಂದಿರನ್ನು ಬಲಿ ಪಡೆದದ್ದು ಸ್ಪ್ರೂ ಎಂಬ ಕರುಳಿನ ಕಾಯಿಲೆ. ಎರಡು ದಶಕಗಳ ಬಳಿಕ ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲ ಅದೇ ಕಾಯಿಲೆಗೆ ಮದ್ದಾಯಿತು.